ಹಣೆಯಿಂದ ನಾಲ್ಕು ಬೆರಳು

ರಿಜಿಸ್ಟರಿನಲ್ಲಿ 'ಬಿಲ್ಲೆ ಇಟ್ಟ ಜಾಗ' ಎಂಬ ಕಾಲಮ್ಮಿನ ಕೆಳಗೆ ಸಬೀರಾ ಹತ್ತೊಂಬತ್ತು ದಿನ ಒಂದೇ ಸಮನೆ 'ಹಣೆ' ಎಂದು ಬರೆದಿದ್ದಳು. ಹತ್ತೊಂಬತ್ತೂ ಶುದ್ಧ ಸುಳ್ಳು. ಅಕ್ಷರ ಮಾತ್ರ ಮುತ್ತು ಪೋಣಿಸಿದ ಹಾಗೆ. ಸುಳ್ಳು ಬರೆಯುವಾಗ ಮನುಷ್ಯರ ಕೈ ಯಾಕಷ್ಟು ಸ್ಥಿರವಾಗಿರುತ್ತದೋ ದೇವರೇ ಬಲ್ಲ.

ಎಪ್ಪತ್ನಾಲ್ಕನೆಯ ಇಸವಿಯ ಮಾತು. ವಿಜಾಪುರದ ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಯಲ್ಲಿ ಗುರುಪಾದಯ್ಯ ಡಾಕ್ಟರರ ದವಾಖಾನೆ. ಮುಂದಿನ ಕೋಣೆಯಲ್ಲಿ ಜ್ವರ, ಕೆಮ್ಮು, ಹೊಟ್ಟೆನೋವು. ಹಿಂದಿನ ಕೋಣೆಯಲ್ಲಿ ಕರೆಂಟಿನ ಪೆಟ್ಟಿಗೆ. ಆ ಪೆಟ್ಟಿಗೆ ಡಾಕ್ಟರರ ಹುಚ್ಚು. ಪರದೇಶದ ಯಾವುದೋ ಪತ್ರಿಕೆ ಓದಿ ತಲೆಗೆ ಹತ್ತಿಸಿಕೊಂಡಿದ್ದರು: ವರ್ಷಗಟ್ಟಲೆ ಬಿಡದೆ ಕಾಡುವ ನೋವು ಕೈಕಾಲಿನಲ್ಲಿ ಇರುವುದಿಲ್ಲ, ಮಿದುಳಿನಲ್ಲಿ ಮನೆ ಮಾಡಿಕೊಂಡಿರುತ್ತದೆ, ಕೊಯ್ಯದೆ, ಚುಚ್ಚದೆ, ತಲೆಯ ಹೊರಗಿನಿಂದಲೇ ಚೂರು ಕರೆಂಟು ಹರಿಸಿದರೆ ಮಿದುಳು ಆ ನೋವನ್ನು ಬೇರೆ ಥರ ಕಂಡೀತು. ಪೆಟ್ಟಿಗೆಯನ್ನು ಮಾಡಿಕೊಟ್ಟವನು ಸಬೀರಾಳ ಅಪ್ಪ, ರೇಡಿಯೋ ರಿಪೇರಿಯ ಸೈಫುದ್ದೀನ. ಒಂದಿಷ್ಟು ಬ್ಯಾಟರಿ ಸೆಲ್ಲು, ತಿರುಗಿಸುವ ಒಂದು ಗುಂಡಿ, ಅಳತೆ ತೋರಿಸುವ ಒಂದು ಮುಳ್ಳು, ಎರಡು ತಂತಿ, ತಂತಿಯ ತುದಿಗೊಂದೊಂದು ಬಿಲ್ಲೆ. ಬಿಲ್ಲೆಗೆ ಉಪ್ಪುನೀರಿನಲ್ಲಿ ಅದ್ದಿದ ಸ್ಪಂಜು ಸುತ್ತಿ ಒಂದನ್ನು ಹುಬ್ಬಿನ ಮೇಲೆ ಹಣೆಗೆ, ಇನ್ನೊಂದನ್ನು ಹೆಗಲಿಗೆ ಕಟ್ಟಿ ಇಪ್ಪತ್ತು ನಿಮಿಷ ಕೂರಿಸಬೇಕು. ಇರುವೆ ಹರಿದಷ್ಟು ಚುರುಚುರು ಅನ್ನುತ್ತದೆ, ಅಷ್ಟೇ.

ಹಿಂದಿನ ಕೋಣೆ ಸಬೀರಾಳದು. ಇಪ್ಪತ್ನಾಲ್ಕರ ಹುಡುಗಿ, ಮ್ಯಾಟ್ರಿಕ್ಕಿನಲ್ಲಿ ಗಣಿತಕ್ಕೆ ಎರಡು ಸಲ ಕೂತು ಎರಡು ಸಲವೂ ಎದ್ದು ಬಂದವಳು. ಅಂಥವಳನ್ನು ಕರೆದು ಡಾಕ್ಟರರು ಬಿಲ್ಲೆ ಕಟ್ಟುವುದು, ಮುಳ್ಳು ನೋಡುವುದು, ರಿಜಿಸ್ಟರು ಬರೆಯುವುದು ಎಲ್ಲ ಕಲಿಸಿದ್ದರು. ಕೆಲಸದಲ್ಲಿ ಮಾತ್ರ ಅವರು ಬಲು ಕಟ್ಟುನಿಟ್ಟು. ಹಿಂದಿದ್ದ ಕಂಪೌಂಡರ ಇಪ್ಪತ್ತು ನಿಮಿಷದ ಜಾಗದಲ್ಲಿ ಹತ್ತು ನಿಮಿಷಕ್ಕೇ ಬಿಲ್ಲೆ ಬಿಚ್ಚಿದನೆಂದು ಗೊತ್ತಾದ ದಿನವೇ ಅವನ ಚೀಲ ಬೀದಿಗೆ ಬಂದಿತ್ತು. "ನೋಡು ಸಬೀರಾ, ಇದನ್ನೆಲ್ಲಾ ನಾನು ಒಂದು ಲೇಖನ ಬರದು ಮುಂಬೈಗೆ ಕಳಸಾಂವ. ಅದರ ಕೊನೀಗೆ ನಿನ್ನ ಹೆಸರೂ ಅಚ್ಚಾಕ್ಕೈತಿ" ಎಂದು ಒಮ್ಮೆ ಹೇಳಿದ್ದರು. ಅಂದಿನಿಂದ ಸೈಫುದ್ದೀನ ರೇಡಿಯೋ ತಂದವರಿಗೆಲ್ಲ ಮೊದಲು ಮಗಳ ಹೆಸರಿನ ಸಂಗತಿ ಹೇಳಿ, ಆಮೇಲೆ ರೇಡಿಯೋಕ್ಕೆ ಏನಾಗಿದೆ ಎಂದು ಕೇಳುತ್ತಿದ್ದ. ಸಬೀರಾಳಿಗೂ ಒಳಗೊಳಗೇ ಆಸೆ ಹತ್ತಿತ್ತು. ಅಚ್ಚಿನಲ್ಲಿ ತನ್ನ ಹೆಸರು ಹೇಗೆ ಕಂಡೀತು ಎಂದು ರಿಜಿಸ್ಟರಿನ ಹಿಂದಿನ ಹಾಳೆಯಲ್ಲಿ ಬರೆದು ನೋಡಿ ಹೊಡೆದುಹಾಕಿದ್ದೂ ಉಂಟು.

ಬೀರಣ್ಣ ಬಂದದ್ದು ಆಗ. ತಿಕೋಟಾದ ಆಚೆ ಕಳ್ಳಕವಟಗಿಯ ಕುರಿಗಾರ, ನಲವತ್ತರ ಆಸುಪಾಸಿನ ಗಟ್ಟಿ ಆಳು. ಕುರಿಗಳಿಗೆ ತೊಪ್ಪಲು ಕಡಿಯಲು ಬೇವಿನ ಮರ ಹತ್ತಿದವನು ಜಾರಿದ್ದ. ಬೀಳುವಾಗ ಎಡಗೈ ಕೊಂಬೆಗೆ ಸಿಕ್ಕು ಮೈಭಾರವೆಲ್ಲ ಅದರ ಮೇಲೆ ಬಿದ್ದು, ಹೆಗಲ ಬುಡದಲ್ಲಿ ನರಗಳು ಕಿತ್ತುಹೋಗಿದ್ದವು. ಎರಡು ವರ್ಷವಾಯಿತು, ಕೈ ಅಲುಗುವುದಿಲ್ಲ, ಮುಟ್ಟಿದರೆ ಗೊತ್ತಾಗುವುದಿಲ್ಲ. ಆದರೆ ಉರಿಯುತ್ತದೆ.

"ಕೈ ಸತ್ತೈತ್ರಿ ಸಾಹೇಬ್ರ, ಉರಿ ಸತ್ತಿಲ್ಲ. ಹಗಲೂ ರಾತ್ರಿ ಕೆಂಡದಾಗ ಇಟ್ಟಂಗ ಆಕ್ಕೈತಿ. ಸೊಲ್ಲಾಪುರದಾಗ ಕಡದ ತಗೀತಾರಂತ. ಕಡಸೂದ ಅಂತ ಗಟ್ಟಿ ಮಾಡೇನಿ" ಎಂದ ಬೀರಣ್ಣ.

"ಕಡಸಿದ್ರ ಕೈ ಹೊಕ್ಕೈತಿ, ನೋವು ಹೋಗಂಗಿಲ್ಲೋ. ನೋವು ಕೈಯಾಗ ಇಲ್ಲ, ತಲ್ಯಾಗ ಐತಿ" ಎಂದರು ಡಾಕ್ಟರರು.

ಬೀರಣ್ಣ ಹೆಂಡತಿ ತಾಯವ್ವನ ಮುಖ ನೋಡಿದ. "ಉರಿಯೂದು ಇಲ್ಲಿ, ಸಾಹೇಬ್ರು ತೋರಸೂದು ಅಲ್ಲಿ" ಎಂದು ಅಷ್ಟು ನೋವಿನಲ್ಲೂ ನಕ್ಕ. ಕೊನೆಗೆ ತಾಯವ್ವನೇ ಪಟ್ಟು ಹಿಡಿದು ಒಂದು ತಿಂಗಳ ಮಟ್ಟಿಗೆ ಒಪ್ಪಿಸಿದಳು. ಒಂದು ತಿಂಗಳಲ್ಲಿ ಗುಣ ಕಾಣದಿದ್ದರೆ ಸೊಲ್ಲಾಪುರ. ಅಲ್ಲಿಯವರೆಗೆ ದಿನಾ ಬೆಳಗಿನ ಬಸ್ಸಿಗೆ ಬಂದುಹೋಗುವುದು.

ಮೊದಲ ದಿನವೇ ತೊಡಕು ಬಂತು. ಸಬೀರಾ ಒದ್ದೆ ಸ್ಪಂಜು ಹಿಡಿದು ಹತ್ತಿರ ಬಂದರೆ ಬೀರಣ್ಣ ತಲೆ ಹಿಂದಕ್ಕೆ ಎಳೆದುಕೊಂಡ. ಅವನ ಹಣೆಯ ತುಂಬ, ಹುಬ್ಬಿನಿಂದ ಕೂದಲಿನವರೆಗೆ, ದೇವರ ಭಂಡಾರ. ಅರಿಶಿನ ದಿನದಿನಕ್ಕೆ ಕೂತು ಕೂತು ಪದರುಗಟ್ಟಿತ್ತು.

"ಅಲ್ಲಿ ನೀರ ಮುಟ್ಟಸಬ್ಯಾಡ ಮಗಳ. ಅಮೋಘಸಿದ್ಧಗ ಬೇಡಕೊಂಡೇನಿ. ಈ ಕೈ ಉರಿ ಆರೂತನಕ ಹಣಿ ತೊಳ್ಯಾಂವ ಅಲ್ಲ."

"ಕಾಕಾ, ಡಾಕ್ಟರ್ ಹಣೀಗೇ ಕಟ್ಟು ಅಂದಾರ್ರಿ."

"ಹಂಗಾರ ನಾ ಎದ್ದ ಹೊಕ್ಕೀನಿ."

ಎದ್ದೇಬಿಟ್ಟ. ಎದ್ದು ಹೋದರೆ ನೇರ ಸೊಲ್ಲಾಪುರಕ್ಕೆ, ಅದು ಸಬೀರಾಳಿಗೂ ಗೊತ್ತು. ಹರಕೆ ಎಂದರೆ ಏನೆಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅವಳು ಹುಟ್ಟುವ ಮೊದಲು ಅವಳ ತಾಯಿ ದರ್ಗಾಕ್ಕೆ ಹರಕೆ ಹೊತ್ತು ವರ್ಷಪೂರ್ತಿ ಮೆಟ್ಟು ಹಾಕಿರಲಿಲ್ಲ. ಮುಂದಿನ ಕೋಣೆಯಲ್ಲಿ ಡಾಕ್ಟರರು ಯಾರದೋ ಕೂಸಿಗೆ ಸೂಜಿ ಚುಚ್ಚುತ್ತಿದ್ದರು, ಕೂಸು ಕಿರುಚುತ್ತಿತ್ತು. ಆ ಗದ್ದಲದಲ್ಲಿ ಸಬೀರಾ ಬೀರಣ್ಣನ ರುಮಾಲು ತೆಗೆಸಿದಳು. ಭಂಡಾರ ಮುಗಿದಲ್ಲಿಂದ ಬೆರಳಿಟ್ಟು ಅಳೆದಳು, ಸ್ಪಂಜಿನ ನೀರು ಹಣೆಗೆ ಇಳಿಯದಂತೆ ನಾಲ್ಕು ಬೆರಳು ಹಿಂದೆ, ಬಲಗಿವಿಯ ಕಡೆ ಒಂಚೂರು ಸರಿಸಿ, ಕುರುಚಲು ಕೂದಲು ಒದ್ದೆ ಮಾಡಿ ಬಿಲ್ಲೆ ಕಟ್ಟಿಬಿಟ್ಟಳು. ರಿಜಿಸ್ಟರಿನಲ್ಲಿ 'ಹಣೆ' ಎಂದು ಬರೆದಳು. ಸಂಜೆ ಹೇಳಿದರಾಯಿತು ಅಂದುಕೊಂಡಳು. ಸಂಜೆ ಡಾಕ್ಟರರಿಗೆ ತಲೆ ಸಿಡಿಯುತ್ತಿತ್ತು. ಮರುದಿನ ಸಂತೆ, ರೋಗಿಗಳ ಜಾತ್ರೆ. ಹೇಳಬಾರದು ಎಂದಿದ್ದವರಿಗೆ ಒಳ್ಳೆಯ ಹೊತ್ತು ಸಿಗುವುದೇ ಇಲ್ಲ.

ಆರನೆಯ ದಿನ ತಾಯವ್ವ ಬಾಗಿಲಲ್ಲೇ ನಿಂತು ಹೇಳಿದಳು: "ನಿನ್ನಿ ನಿದ್ದಿ ಮಾಡ್ಯಾರ ಬೇ. ಎರಡ ವರ್ಷದಾಗ ಮೊದಲನೇ ಸಲ. ನನಗ ಅಂಜಿಕಿ ಆಗಿ ಮೂಗಿನ ಹತ್ರ ಕೈ ಹಿಡದ ನೋಡಿದೆ." ಹತ್ತನೆಯ ದಿನ ಬೀರಣ್ಣ ಕೆಂಡ ಹೋಗಿ ಬಿಸಿ ಬೂದಿಯಾಗಿದೆ ಅಂದ. ಹದಿನೈದನೆಯ ದಿನ, ಕೈ ಇದೆ ಅನ್ನುವುದೇ ಒಮ್ಮೊಮ್ಮೆ ಮರೆಯುತ್ತದೆ ಅಂದ.

ಡಾಕ್ಟರರಿಗೆ ಹಿಗ್ಗಿನಲ್ಲಿ ನೆಲ ಕಾಣದಾಯಿತು. ಅದುವರೆಗೆ ಹಣೆಗೆ ಬಿಲ್ಲೆ ಕಟ್ಟಿಸಿಕೊಂಡ ಮೂವರಿಗೂ ಎಳ್ಳಷ್ಟೂ ಗುಣವಾಗಿರಲಿಲ್ಲ, ಪೆಟ್ಟಿಗೆಯನ್ನು ಅಟ್ಟಕ್ಕೆ ಹಾಕುವ ಯೋಚನೆಯಲ್ಲಿದ್ದರು. ಈಗ ರಿಜಿಸ್ಟರನ್ನು ತಿರುತಿರುಗಿ ಓದಿ, ಮುಂಬೈಯ ದೊಡ್ಡ ಡಾಕ್ಟರೊಬ್ಬರಿಗೆ ಕಾಗದ ಬರೆದರು. ಸಬೀರಾಳ ತಲೆಯಲ್ಲಿ ಒಂದೇ ಪ್ರಶ್ನೆ. ಆ ಮೂವರಿಗೆ ಆಗದ್ದು ಇವನಿಗೆ ಯಾಕಾಯಿತು? ಉತ್ತರ ತನ್ನ ನಾಲ್ಕು ಬೆರಳಲ್ಲಿದೆ ಎಂದು ಅವಳಿಗೆ ಅನ್ನಿಸದೇ ಇರಲಿಲ್ಲ. ಅನ್ನಿಸಿದಾಗಲೆಲ್ಲ ಎದ್ದು ಸ್ಪಂಜು ತೊಳೆದಳು, ತೊಳೆದದ್ದನ್ನೇ ಮತ್ತೆ ತೊಳೆದಳು. ಒಂದು ಕಡೆ ಕೂತರೆ ಸತ್ಯ ಬಾಯಿಗೆ ಬಂದೀತು ಎಂಬ ಹೆದರಿಕೆ.

ಇಪ್ಪತ್ತನೆಯ ದಿನ ಬೀರಣ್ಣ ಹಣೆ ತೊಳೆದುಕೊಂಡು ಬಂದ. ಅರಿಶಿನದ ಕೆಳಗಿನ ಚರ್ಮ ಬೆಳ್ಳಗಾಗಿ ಬೇರೆಯೇ ಮನುಷ್ಯನ ಹಾಗೆ ಕಂಡ. ಅಮೋಘಸಿದ್ಧನಿಗೆ ನೈವೇದ್ಯ ಮಾಡಿಸಿ ಹರಕೆ ತೀರಿಸಿದ್ದ. ಸಬೀರಾಳಿಗೆಂದು ತಾಯವ್ವ ಗಡಿಗೆಯಲ್ಲಿ ಬೆಣ್ಣೆ ತಂದಿದ್ದಳು.

"ಇನ್ನ ನಿಮ್ಮ ಸಾಹೇಬ್ರು ಹೇಳಿದಲ್ಲೇ ಇಡು ಮಗಳ, ನಂದೇನೂ ತಕರಾರಿಲ್ಲ" ಎಂದ ಬೀರಣ್ಣ.

ಸಬೀರಾಳಿಗೆ ಹೋದ ಜೀವ ಬಂದ ಹಾಗಾಯಿತು. ಇನ್ನು ಮುಂದೆ ಬರೆದದ್ದೂ ಮಾಡಿದ್ದೂ ಒಂದೇ. ಉರಿ ಹೇಗೂ ಆರಿದೆ, ಇನ್ನೆಲ್ಲಿ ಇಟ್ಟರೇನು? ತೊಳೆದ ಹಣೆಗೆ, ಹುಬ್ಬಿನ ಮೇಲೆ, ಡಾಕ್ಟರರು ಕಲಿಸಿದ ಜಾಗಕ್ಕೆ ಸರಿಯಾಗಿ ಬಿಲ್ಲೆ ಕಟ್ಟಿದಳು. ಅಂದು 'ಹಣೆ' ಎಂದು ಬರೆದದ್ದು ಮೊದಲ ನಿಜ. ಆ ನಿಜಕ್ಕಿಷ್ಟು ಬೆಂಕಿ ಹಾಕ!

ಅದೇ ವಾರ ಮುಂಬೈಯಿಂದ ಉತ್ತರ ಬಂತು: ಇನ್ನೂ ವಿವರ ಬೇಕು, ರೋಗಿಯನ್ನು ನೀವೇ ಹತ್ತಿರದಿಂದ ಗಮನಿಸಿ ಬರೆಯಿರಿ. ಡಾಕ್ಟರರು ಇಪ್ಪತ್ತೂ ನಿಮಿಷ ಹಿಂದಿನ ಕೋಣೆಯಲ್ಲಿ ಕುರ್ಚಿ ಹಾಕಿಕೊಂಡು ಕೂರತೊಡಗಿದರು. ಬಿಲ್ಲೆ ಹಣೆಗೆ ಬಂದ ನಾಲ್ಕನೆಯ ದಿನ ಬೀರಣ್ಣ ಬಲಗೈಯಿಂದ ಎಡಗೈ ಹಿಡಿದುಕೊಂಡೇ ಬಂದ. ಐದನೆಯ ದಿನ ತುಟಿ ಕಚ್ಚಿಕೊಂಡಿದ್ದ. ಆರನೆಯ ದಿನ ಕೂರಲಾರದೆ ಕೋಣೆಯ ತುಂಬ ಓಡಾಡಿದ.

"ನಂದ ತಪ್ಪ ಸಾಹೇಬ್ರ. ಪೂರಾ ಆರೂಕಿಂತ ಮೊದಲ ಭಂಡಾರ ತೊಳಕೊಂಡೆ. ದೇವರ ಮುನದಾನ. ನಿಮ್ಮ ಪೆಟ್ಟಿಗಿ ಏನ ಮಾಡೀತು?"

"ಏ ಹುಚ್ಚಾ, ದೇವರಿಗೂ ಇದಕ್ಕೂ ಏನ ಸಂಬಂಧ? ಇನ್ನ ಎಂಟ ದಿನ ತಡಿ" ಎಂದರು ಡಾಕ್ಟರರು.

ಸಬೀರಾ ಬಾಯಿ ತೆರೆದಳು. ಡಾಕ್ಟರರು ಅವಳ ಕಡೆ ತಿರುಗಿ ಏನು ಎನ್ನುವಂತೆ ನೋಡಿದರು. ಅವಳು "ಸ್ಪಂಜ ಆರೇತ್ರಿ" ಎಂದಳು.

ಬೀರಣ್ಣ ರುಮಾಲು ಸುತ್ತಿಕೊಂಡ. "ಇನ್ನ ಕಡಸೂದೊಂದ ಉಳದೈತಿ" ಎಂದು ಹೊರಬಿದ್ದ. ಮರುದಿನ ಬರಲಿಲ್ಲ, ಅದರ ಮರುದಿನವೂ ಇಲ್ಲ.

ಹನ್ನೆರಡು ದಿನ ಸಬೀರಾ ಕಾದಳು. ಏನು ಕಾದಳೋ! ಬಸ್ಸಿಗೆ ಎರಡು ತಾಸಿನ ದಾರಿಯ ಊರು, ಹೇಳಬೇಕಾದದ್ದು ಒಂದೇ ಮಾತು. ಕಳ್ಳಕವಟಗಿಯ ಬಸ್ಸು ಬರುವ ಹೊತ್ತಿಗೆ ನಿಲ್ದಾಣಕ್ಕೆ ಹೋಗಿ ಇಳಿಯುವವರ ರುಮಾಲುಗಳನ್ನು ನೋಡುವಳು. ಮನೆಗೆ ಬಂದರೆ ಅನ್ನ ಕಲೆಸಿ ಬಿಡುವಳು. ಯಾವುದೋ ರೇಡಿಯೋದ ಹೊಟ್ಟೆ ಬಿಚ್ಚಿ ಕೂತ ಸೈಫುದ್ದೀನ "ಲೇಖನ ಯಾವಾಗ ಬರತೈತಿ ಬೇಟಿ?" ಎಂದು ಕೇಳಿದ ದಿನ, ಅವಳು ತಟ್ಟೆ ಸರಿಸಿ ಎದ್ದು ನೇರ ದವಾಖಾನೆಗೆ ಬಂದಳು. ಮುಂದಿನ ಕೋಣೆಯ ರೋಗಿಗಳ ಎದುರಿಗೇ, ಉಸಿರು ಹಿಡಿದು ಎಲ್ಲ ಹೇಳಿಬಿಟ್ಟಳು.

ಡಾಕ್ಟರರು ಅವಳನ್ನು ಒಳಗೆ ಕರೆದುಕೊಂಡು ಹೋಗಿ ರಿಜಿಸ್ಟರು ತೆರೆದರು. ಆ ದುಂಡು ಅಕ್ಷರಗಳ ಮೇಲೆ ಬೆರಳಾಡಿಸಿದರು.

"ಎಷ್ಟ ದಿನ ಹಂಗ ಇಟ್ಟಿ?"

"ಹತ್ತೊಂಬತ್ತ."

"ನನ್ನ ಮುಂದ ಯಾಕ ಹೇಳಲಿಲ್ಲ?"

"ಕಂಪೌಂಡರನಂಗ ಮನೀಗಿ ಕಳಸ್ತೀರಿ ಅಂತ."

ಡಾಕ್ಟರರು ರಿಜಿಸ್ಟರು ಮುಚ್ಚಿದರು. "ಕಳಸ್ತಿದ್ದೆ" ಎಂದರು. ಸುಳ್ಳು ಹೇಳುವ ಮನುಷ್ಯನಲ್ಲ ಅವರು. ಮೇಜಿನ ಮೇಲೆ ಮುಂಬೈಗೆ ಹೋಗಬೇಕಾಗಿದ್ದ ದಪ್ಪ ಲಕೋಟೆ ಇತ್ತು, ಅದನ್ನು ತೆಗೆದು ಖಾನೆಗೆ ಹಾಕಿದರು. ಆಮೇಲೆ ಪೆಟ್ಟಿಗೆ ಎತ್ತಿ ಅವಳ ಕೈಗಿಟ್ಟರು. "ತಗೊಂಡ ನಡಿ. ಅಂವ ಕೈ ಕಡಸೂದರಾಗ ಮುಟ್ಟು. ಬೈಯೂದು ಬಂದಮ್ಯಾಲ ಬೈತೀನಿ."

ತಿಕೋಟಾದಲ್ಲಿ ಬಸ್ಸು ಕೆಟ್ಟು ನಿಂತಿತು. ಡ್ರೈವರು ಕೆಳಗಿಳಿದು ಬೀಡಿ ಹಚ್ಚಿದ್ದನ್ನು ನೋಡಿ ಸಬೀರಾಳಿಗೆ ಅವನ ಕೊರಳು ಹಿಸುಕಬೇಕೆನ್ನಿಸಿತು. ತಾನು ಹನ್ನೆರಡು ದಿನ ಕೂತವಳು, ಅವನ ಅರ್ಧ ತಾಸು ಅವಳಿಗೆ ತಡೆಯಲಾಗಲಿಲ್ಲ. ಕಳ್ಳಕವಟಗಿಯಲ್ಲಿ ಇಳಿದು ಕೇಳಿಕೊಂಡು ಹೋದರೆ ಬೀರಣ್ಣನ ಮನೆಗೆ ಕೀಲಿ. ಪಕ್ಕದ ಮನೆಯ ಗುರುಬಾಯಿ ಎಂಬ ಹೆಂಗಸು ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತಿದ್ದಳು.

"ತಾಯವ್ವನ ತವರಮನೀಗಿ ಹೋಗ್ಯಾರವ್ವಾ, ನಿಡೋಣಿಗಿ. ಸೊಲ್ಲಾಪುರದಿಂದ ಹಂಗ ಅತ್ತಾಗ ಹೋದ್ರು."

"ಸೊಲ್ಲಾಪುರಕ್ಕ ಹೋಗಿದ್ರಾ? ಕೈ..."

"ನಾ ಕಣ್ಣಲೆ ನೋಡಿಲ್ಲವ್ವಾ. ಕುರಿ ಅವರ ತಮ್ಮ ಹೊಡಕೊಂಡ ಹೋದ. ನೀ ಯಾರಕಿ? ಕೂಡು, ನೀರ ಕುಡಿ."

ಅವಳು ಕೂರಲಿಲ್ಲ. ವಿಜಾಪುರಕ್ಕೆ ಮರಳುವ ದಾರಿಯುದ್ದಕ್ಕೂ ಮಡಿಲಲ್ಲಿ ಪೆಟ್ಟಿಗೆ ಇಟ್ಟುಕೊಂಡು ಲೆಕ್ಕ ಹಾಕಿದಳು: ಹೋಗಿ ತೋರಿಸಿಕೊಂಡು ಬಂದಿರಬಹುದು, ತಾರೀಖು ಕೊಟ್ಟು ಕಳಿಸಿರಬಹುದು, ದೊಡ್ಡಾಸ್ಪತ್ರೆಯಲ್ಲಿ ಎಲ್ಲ ಅಷ್ಟು ಬೇಗ ಆಗುತ್ತದೆಯೇ? ಮರುದಿನ ಬೆಳಗಿನ ಮೊದಲ ಬಸ್ಸಿಗೆ ಬಬಲೇಶ್ವರ. ಅಲ್ಲಿಂದ ನಿಡೋಣಿಗೆ ಹೊರಟಿದ್ದ ಒಂದು ಚಕ್ಕಡಿಯವರು ಹತ್ತಿಸಿಕೊಂಡರು. ಎತ್ತು ನಿಧಾನ ಅನ್ನಿಸಿ ಅರ್ಧ ದಾರಿಯಲ್ಲಿ ಇಳಿದು, ಕರಿನೆಲದ ಹೆಂಟೆಗಳ ನಡುವೆ ಪೆಟ್ಟಿಗೆ ಅಪ್ಪಿಕೊಂಡು ದಾಪುಗಾಲು ಹಾಕಿದಳು.

ಬೀರಣ್ಣ ಮನೆಯ ಮುಂದಿನ ಕಟ್ಟೆಯ ಮೇಲೆ ಗೋಡೆಗೆ ಒರಗಿ ಕೂತಿದ್ದ. ಹಣೆಯ ತುಂಬ ಮತ್ತೆ ಭಂಡಾರ. ಅಂಗಿಯ ಎಡತೋಳನ್ನು ಮಡಚಿ ಹೆಗಲಿಗೆ ಪಿನ್ನು ಹಾಕಿತ್ತು.

ಸಬೀರಾ ಅಂಗಳದಲ್ಲೇ ನಿಂತುಬಿಟ್ಟಳು. ಇಷ್ಟು ದಿನ ಒಂದು ಕಡೆ ನಿಲ್ಲದ ಕಾಲು ಈಗ ಕಿತ್ತಿಟ್ಟರೂ ಬರಲೊಲ್ಲದು.

"ಯಾಕ ಮಗಳ, ಇಷ್ಟ ದೂರ?" ಎಂದ ಬೀರಣ್ಣ. ದನಿಯಲ್ಲಿ ತ್ರಾಣವಿರಲಿಲ್ಲ. "ಕೈ ಹೋತು. ಉರಿ ಇಲ್ಲೇ ಐತಿ. ಮೊದಲ ಹಿಡಕೊಳ್ಳಾಕರ ಒಂದ ಕೈ ಇತ್ತು, ಈಗ ಹಿಡಕೊಳ್ಳಾಕೂ ಏನಿಲ್ಲ. ಬೆರಳ ಇಲ್ಲ, ಬೆರಳಾಗ ಕೆಂಡ ಐತಿ."

ಅವಳು ಹೇಳಿದಳು. ಭಂಡಾರದ ಸಲುವಾಗಿ ಬಿಲ್ಲೆ ಹಿಂದೆ ಸರಿಸಿದ್ದು, ಅದರಿಂದ ಗುಣವಾದದ್ದು, ತೊಳೆದ ಹಣೆ ಕಂಡು ತಾನೇ ಅದನ್ನು ಮುಂದೆ ತಂದದ್ದು, ಗೊತ್ತಿದ್ದೂ ಬಾಯಿ ಮುಚ್ಚಿಕೊಂಡು ಕೂತದ್ದು. ಕೊನೆಗೆ ತನ್ನ ಹೆಸರು ಅಚ್ಚಾಗುವ ಆಸೆಯಿತ್ತು ಅನ್ನುವುದನ್ನೂ ಬಿಡಲಿಲ್ಲ. ಒಳಗಿನಿಂದ ಬಂದ ತಾಯವ್ವ ಬಾಗಿಲ ಚೌಕಟ್ಟು ಹಿಡಿದು ಕೇಳುತ್ತಿದ್ದಳು.

"ಗೊತ್ತಿತ್ತೇನ ನಿನಗ?" ಎಂದಳು ತಾಯವ್ವ. "ಗೊತ್ತಿದ್ದೂ ಕುಂತಿದ್ದೇನ? ನನ್ನ ಗಂಡನ ಕೈ ಬೇ ಅದು. ನನ್ನ ಕೈಯಾರೆ ಬೆಣ್ಣಿ ಕೊಟ್ಟಿದ್ನಲ್ಲ ನಿನಗ!" ಹೊಡೆಯಲು ಎತ್ತಿದ ಕೈಯನ್ನು ತನ್ನ ಎದೆಗೇ ಬಡಿದುಕೊಂಡಳು. ಸಬೀರಾಳಿಗೆ ಹೊಡೆದಿದ್ದರೆ ಚೆನ್ನಾಗಿತ್ತು ಅನ್ನಿಸಿತು.

ಬೀರಣ್ಣ ಹಣೆಯ ಭಂಡಾರ ಮುಟ್ಟಿ ನೋಡಿಕೊಂಡ. ಆಮೇಲೆ ಕೇಳಿದ: "ಹಂಗಾರ ಅಮೋಘಸಿದ್ಧ ಮುನದಿರಲಿಲ್ಲ?"

"ಇಲ್ಲ ಕಾಕಾ."

"ನಾ ತೊಳಕೊಂಡಿದ್ದಕ್ಕ ಆಗಿದ್ದಲ್ಲ?"

"ಅಲ್ಲ. ನನ್ನಿಂದ ಆಗಿದ್ದು."

ಅವನ ಕಣ್ಣಿನಿಂದ ನೀರು ಇಳಿದು ಗಡ್ಡ ತೋಯಿಸಿತು. "ಎಷ್ಟ ಬೈದೇನಿ ಅಂವಗ ನಾನು. ಎಂಥೆಂಥಾ ಮಾತ ಬೈದೆ" ಎಂದ.

"ನನಗ ಬೈರಿ ಕಾಕಾ. ಎಷ್ಟ ಬೇಕಾದಷ್ಟ ಬೈರಿ."

"ನಿನಗ ಬೈದ್ರ ಕೈ ಬರತೈತೇನ?" ಬೀರಣ್ಣ ಒಂದೇ ಕೈಯಿಂದ ರುಮಾಲು ಎಳೆದು ಕೆಳಗೆ ಹಾಕಿದ. ತಲೆ ಬಾಗಿಸಿದ. "ಎಲ್ಲಿಟ್ಟಿದ್ದಿ ಆವಾಗ? ಅಲ್ಲೇ ಇಡು."

ಉಪ್ಪುನೀರು ಬೇಕಾಗಿತ್ತು. ಕೇಳುವ ಧೈರ್ಯ ಸಬೀರಾಳಿಗಿರಲಿಲ್ಲ. ತಾಯವ್ವ ತಾನಾಗಿಯೇ ಒಳಗೆ ಹೋಗಿ ತಂಬಿಗೆ ತಂದು ಅವಳ ಮುಂದೆ ಕುಕ್ಕಿದಳು. ಸಬೀರಾ ಭಂಡಾರದ ಅಂಚಿಗೆ ಬೆರಳಿಟ್ಟಳು. ಒಂದು, ಎರಡು, ಮೂರು, ನಾಲ್ಕು. ಲೆಕ್ಕ ತಪ್ಪಿತು, ಮತ್ತೆ ಮೊದಲಿನಿಂದ ಅಳೆದಳು. ಬಿಲ್ಲೆ ಕಟ್ಟಿ ಗುಂಡಿ ತಿರುಗಿಸಿದಳು. ಮುಳ್ಳು ಅಲುಗಿತು.

"ಎಷ್ಟ ದಿನಕ್ಕ ಗೊತ್ತಾಕ್ಕೈತಿ?" ಎಂದು ಕೇಳಿದಳು ತಾಯವ್ವ, ಸಬೀರಾಳ ಮುಖ ನೋಡದೆ.

"ಆವಾಗ ಆರ ದಿನಕ್ಕ ಗೊತ್ತಾಗಿತ್ತು. ಈಗ ಏನಾಕ್ಕೈತೋ ನನಗೂ ಗೊತ್ತಿಲ್ಲ ಕಾಕಿ. ದಿನಾ ಬರ್ತೀನಿ."

ತಾಯವ್ವ ಉಪ್ಪುನೀರಿನ ತಂಬಿಗೆಯನ್ನು ಗೋಡೆಯ ಬದಿಗೆ ಸರಿಸಿಟ್ಟಳು. ಬಂದು ಕಟ್ಟೆಯ ಮೇಲೆ ಗಂಡನ ಎಡಗಡೆಗೆ ಕುಸಿದು ಕೂತಳು. ಬೀರಣ್ಣ ಹೌಹಾರಿದ, ಮುಖ ಕಿವುಚಿ ಹಲ್ಲು ಕಚ್ಚಿದ.

"ಸರಿ, ಅತ್ತಾಗ ಸರಿ ತಾಯವ್ವಾ. ಕೈ ಮ್ಯಾಲ ಕುಂತಿ."

ತಾಯವ್ವ ಒಂದು ಗಳಿಗೆ ಅವನನ್ನೇ ನೋಡಿದಳು. ಆಮೇಲೆ ಅವನ ಕೈ ಇರಬೇಕಾಗಿದ್ದಷ್ಟು ಜಾಗ ಬಿಟ್ಟು, ಆಚೆ ಸರಿದು ಕೂತಳು.